ಐವತ್ತೆಂಟರವರೆಗೆ ದುಡಿಯುವವರು ಯಾರು?

ಕೊಲ್ಹಾಪುರ ಬಿಟ್ಟು ಬೆಂಗಳೂರು ಹೆದ್ದಾರಿ ಹಿಡಿದರೆ ಕಾಗಲ್‌ಗಿಂತ ಮೊದಲೇ ಗೋಕುಳ ಶಿರಗಾಂವದ ಎಂಐಡಿಸಿ ಕೈಗಾರಿಕಾ ಪ್ರದೇಶ ಸಿಗುತ್ತದೆ. ಫೌಂಡ್ರಿಗಳು, ಮಶೀನ್ ಶಾಪುಗಳು. ಪಾಳಿ ಬಿಟ್ಟಾಗ ಗೇಟಿನಿಂದ ಹೊರಬರುವವರಲ್ಲಿ ಸುತ್ತಲಿನ ಹಳ್ಳಿಯವರೂ ಇದ್ದಾರೆ. ಮನೆಗೆ ಹೋದ ಮೇಲೆ ಕಬ್ಬಿಗೆ ನೀರು ಹಾಯಿಸುವ ಕೆಲಸ ಅವರಿಗೆ ಕಾದಿರುತ್ತದೆ. ಇಂಥವರು ತಮ್ಮನ್ನು ರೈತರೆಂದುಕೊಳ್ಳುತ್ತಾರೋ ಕಾರ್ಮಿಕರೆಂದೋ? ಹಾಜರಿ ಪುಸ್ತಕ ಅದನ್ನು ಕೇಳುವುದಿಲ್ಲ. ಆದರೆ ಅವರು ಯಾವಾಗ ಸುಮ್ಮನಿರುತ್ತಾರೆ, ಯಾವಾಗ ದನಿ ಎತ್ತುತ್ತಾರೆ ಎಂಬುದು ಆ ಉತ್ತರದಲ್ಲೇ ಇದೆ ಎಂದು ನನಗನಿಸುತ್ತದೆ.

ಮ್ಯಾನೇಜ್‌ಮೆಂಟ್ ವಿದ್ವಾಂಸರು ನೌಕರನ ಗುರುತು, ಅವನ ವೃತ್ತಿಯ ದಾರಿ, ಅವನ ಪ್ರತಿಭಟನೆ ಈ ಮೂರನ್ನೂ ಒಟ್ಟಿಗೆ ಅಭ್ಯಾಸ ಮಾಡುತ್ತಿದ್ದಾರೆ. ಡೆಬ್ರಾ ಮೈಯರ್‌ಸನ್ ಮತ್ತು ಮೊರೀನ್ ಸ್ಕಲ್ಲಿ 1995ರಲ್ಲಿ ಬರೆದದ್ದು ಸಂಸ್ಥೆಯ ಮೇಲೆ ಪ್ರೀತಿಯಿದ್ದೂ ಅದರ ನಡೆಗೆ ತಲೆಬಾಗದ ನೌಕರರ ಬಗ್ಗೆ. ಅಂಥ ಪ್ರತಿಭಟನೆಗೆ ಒಂದು ಉದಾಹರಣೆ: 2018ರ ನವೆಂಬರ್ 1ರಂದು, ಲೈಂಗಿಕ ಕಿರುಕುಳದ ದೂರುಗಳನ್ನು ಕಂಪನಿ ನಿಭಾಯಿಸಿದ ರೀತಿಗೆ ಸಿಟ್ಟಾಗಿ ಗೂಗಲ್‌ನ ಸುಮಾರು 20,000 ಮಂದಿ ಕೆಲಸ ನಿಲ್ಲಿಸಿ ಹೊರಬಂದರು. ದೊಡ್ಡ ಸಂಗತಿಯೇ. ನನಗೆ ಮಾತ್ರ ಅದಕ್ಕಿಂತ ಎರಡು ವರ್ಷ ಮೊದಲಿನ ಬೆಂಗಳೂರು ಹೆಚ್ಚು ಕಲಿಸಿದೆ.

2016ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಪಿಎಫ್ ನಿಯಮ ಬದಲಿಸಿತು. ಕೆಲಸ ಬಿಟ್ಟರೂ ಮಾಲೀಕರು ಕಟ್ಟಿದ ಪಾಲು 58 ವರ್ಷ ತುಂಬುವವರೆಗೆ ಕೈಗೆ ಸಿಗದು ಎಂದಿತು. ಮುಪ್ಪಿಗೆ ಆಸರೆಯಾಗಲಿ ಎಂಬುದು ಲೆಕ್ಕ. ಏಪ್ರಿಲ್ 18ರಂದು ಗಾರ್ಮೆಂಟ್ಸ್ ಹೆಂಗಸರು ಹೊಲಿಗೆ ಯಂತ್ರ ಬಿಟ್ಟೆದ್ದು ಹೊಸೂರು ರಸ್ತೆಗೆ ಬಂದರು, ಮರುದಿನ ಪೀಣ್ಯದ ಕಡೆಯೂ ಬೀದಿ ತುಂಬಿತು. ಯಾವ ಸಂಘವೂ ಕರೆ ಕೊಟ್ಟಿರಲಿಲ್ಲ. ಬಸ್ಸುಗಳು ಉರಿದವು, ಲಾಠಿ ಬಿತ್ತು. 19ರ ಸಂಜೆಗೆ ನಿಯಮ ವಾಪಸಾಯಿತು.

ಆ ನಿಯಮ ಬರೆದವರ ಕಣ್ಣೆದುರು ಇದ್ದದ್ದು ಒಂದೇ ನೌಕರಿಯಲ್ಲಿ ನಿವೃತ್ತಿಯವರೆಗೆ ಸಾಗುವ ಬದುಕು. ಟಾರ್ಗೆಟ್ ಮುಟ್ಟಲು ದಿನವಿಡೀ ಕೂತು ಬೆನ್ನು, ಕಣ್ಣು ಸವೆಸುವ ಹೆಂಗಸು 58ರವರೆಗೆ ಹೊಲಿಯುವ ಯೋಚನೆ ಇಟ್ಟುಕೊಂಡು ಬಂದವಳಲ್ಲ. ಆ ದುಡ್ಡು ಮಗಳ ಫೀಸು, ಊರಿನ ಸಾಲ, ಕೆಲಸ ಬಿಟ್ಟ ಮೇಲಿನ ತಿಂಗಳುಗಳ ಅಕ್ಕಿ. ತನ್ನ ಬದುಕಿನ ಲೆಕ್ಕವನ್ನು ಬೇರೆಯವರು ಹಾಕಿದ್ದೇ ಅವಳನ್ನು ಬೀದಿಗೆ ತಂದಿತು. ಪಗಾರದ ಅಂಕಿಯನ್ನಷ್ಟೇ ನೋಡುವ ಯಾವ ಅಧ್ಯಯನಕ್ಕೂ ಇದು ಕಾಣದು.

ಗೋಕುಳ ಶಿರಗಾಂವದಿಂದ ಅದೇ ಹೆದ್ದಾರಿಯಲ್ಲಿ ಗಡಿ ದಾಟಿದರೆ ಬರುವ ನಿಪ್ಪಾಣಿಯಲ್ಲಿ ತಂಬಾಕು ಕಾರ್ಖಾನೆಯ ಹೆಂಗಸರು ಬೆಂಗಳೂರಿನ ಆ ಹೋರಾಟಕ್ಕೂ ಎಷ್ಟೋ ಮೊದಲೇ ಸಂಘ ಕಟ್ಟಿದ್ದರು. ಯುಗಾಂತರ ಎಂಬ ಸ್ತ್ರೀವಾದಿ ಚಿತ್ರತಂಡ 1982ರಲ್ಲಿ ಅವರ ಮೇಲೆ ‘ತಂಬಾಕು ಚಾಕಿಲಾ ಊಬ ಆಲಿ’ ಸಾಕ್ಷ್ಯಚಿತ್ರ ಮಾಡಿತು. ತಂಬಾಕಿನ ಧೂಳು ನುಂಗುತ್ತ ಒಬ್ಬೊಬ್ಬಳೇ ಸಹಿಸಿದ್ದನ್ನು ಅವರು ಒಟ್ಟಿಗೆ ಕೂತು ಹೇಳಿಕೊಂಡರು. ಸಂಘ ಬೆಳೆದದ್ದು ಆ ಮಾತಿನಿಂದ.

ಇವತ್ತು ಫೌಂಡ್ರಿಗೆ ಗುತ್ತಿಗೆದಾರನ ಕೈಯಲ್ಲಿ ಬರುವ ಹುಡುಗನಿಗೆ ಅಂಥ ಮಾತಿಗೆ ಜಾಗವೆಲ್ಲಿ? ಕುಲುಮೆ ಕಂಪನಿಯದು, ಪಗಾರ ಗುತ್ತಿಗೆದಾರನದು, ಮುಂದಿನ ವರ್ಷ ಗೇಟು ಇನ್ಯಾವುದೋ. ನೌಕರರ ದನಿಯ ಬಗ್ಗೆ ಸಂಶೋಧನೆ ಮಾಡುವವರು ಗೂಗಲ್ ಕಚೇರಿಗಿಂತ ಮೊದಲು ಇವನ ಹತ್ತಿರ ಬರಬೇಕು. ತನ್ನ ದೂರನ್ನು ಯಾರ ಮುಂದೆ ಹೇಳಬೇಕೆಂಬುದೇ ಅವನಿಗೆ ಇನ್ನೂ ಗೊತ್ತಿಲ್ಲ.