ಪರಸ್ಥಳದ ಗುರುವೂ ಕ್ಷೇತ್ರದರ್ಶನವೂ

ಭಾದ್ರಪದದ ಮೋಡಗಳು ಚದುರಿ ಆಕಾಶವು ತಿಳಿಯಾಗುವ ಹೊತ್ತಿಗೆ ಅಕ್ಕಲಕೋಟೆ ತಾಲೂಕಿನ ಎರೆಯ ಹೊಲಗಳಲ್ಲಿ ಹಿಂಗಾರಿ ಜೋಳದ ಬಿತ್ತಿಗೆ ಮೊದಲಾಗುತ್ತದೆ. ಅದೇ ಸಮಯದಲ್ಲಿ ದಸರೆ ದೀಪಾವಳಿಗಳ ಬಿಡುವು ಸಮೀಪಿಸಿ, ಚಪಳಗಾಂವದಂತಹ ಊರಿಗೆ ಭೀಮೆಯ ಆಚೆಯಿಂದ ಕನ್ನಡ ಕಲಿಸಲೆಂದು ಬಂದು ನೆಲಸಿದ ಉಪಾಧ್ಯಾಯನ ಮನಸ್ಸಿನಲ್ಲಿ ಸುತ್ತಣ ಸ್ಥಳಗಳನ್ನೆಲ್ಲ ಕಣ್ಣಾರೆ ಕಂಡುಬರಬೇಕೆಂಬ ಹಂಬಲವು ತಲೆಯೆತ್ತುತ್ತದೆ. ಸೊಲ್ಲಾಪುರದಲ್ಲಿ ಸಿದ್ಧರಾಮನ ಕೆರೆಯೂ ಗುಡಿಯೂ ಇವೆ, ಅಕ್ಕಲಕೋಟೆಯಲ್ಲಿ ಸ್ವಾಮಿ ಸಮರ್ಥರ ವಟವೃಕ್ಷವಿದೆ, ಬೋರಿ ನದಿಯ ಒಡ್ಡಿನ ಗರ್ಭದಲ್ಲಿಯೆ ನೀರುಮಹಲನ್ನು ಅಡಗಿಸಿಕೊಂಡ ನಳದುರ್ಗವಿದೆ, ತುಳಜಾಪುರ, ಪಂಢರಪುರಗಳಿವೆ, ಭೀಮಾ ಸೀನಾ ನದಿಗಳು ಕೂಡುವ ಹತ್ತರಸಂಗ ಕೂಡಲವಿದೆ. ನೋಡುವುದಕ್ಕೆ ಇಲ್ಲಿ ಕೊರತೆಯಿಲ್ಲ. ನೋಡುವವನಿಗೆ ಏನು ದೊರೆಯುತ್ತದೆಂಬುದೇ ಪ್ರಶ್ನೆ.

ತನ್ನದಲ್ಲದ ನೆಲದಲ್ಲಿ, ತನ್ನ ಕುಲದೈವವಲ್ಲದ ದೈವದ ಮುಂದೆ, ಯಾವ ಹರಕೆಯನ್ನೂ ಹೊರದೆ ಕೇವಲ ನೋಡುವವನಾಗಿ ನಿಂತ ಮನುಷ್ಯನಿಗೆ ಧರ್ಮದ ದೃಷ್ಟಿಯಿಂದ ಪ್ರಾಪ್ತವಾಗುವುದು ಏನಾದರೂ ಉಂಟೆ, ಅಥವಾ ಅವನ ತಿರುಗಾಟವು ಕಣ್ಣಿನ ವಿನೋದವಷ್ಟೆಯೆ ಎಂಬ ಈ ಪ್ರಶ್ನೆಯು ನಮ್ಮ ನಾಡಿಗೆ ಮಾತ್ರ ಸೇರಿದ್ದಲ್ಲ. ಇಂದು ಕೊರಿಯದ ನಗರಗಳಲ್ಲಿ ಇಂಗ್ಲಿಷು ಕಲಿಸಲೆಂದು ಹೋದ ಪರದೇಶದ ಉಪಾಧ್ಯಾಯರು ಶರತ್ಕಾಲದ ಬಿಡುವಿನಲ್ಲಿ ಎಲೆ ಕೆಂಪೇರಿದ ಬೆಟ್ಟಗಳ ನಡುವಣ ಬೌದ್ಧವಿಹಾರಗಳನ್ನು ನೋಡಲು ಹೋಗುತ್ತಾರೆ. ಅವರಲ್ಲಿ ಅನೇಕರು ಗ್ಯೊಂಗ್‌ಜು ಪಟ್ಟಣಕ್ಕೂ ಹೋಗುತ್ತಾರೆ. ಸಿಲ್ಲಾ ರಾಜ್ಯದ ರಾಜಧಾನಿಯಾಗಿದ್ದ ಆ ಪಟ್ಟಣದ ಬುನ್ಹ್ವಾಂಗ್ ವಿಹಾರದಲ್ಲಿ ವಾಸಮಾಡಿ ಗ್ರಂಥಗಳನ್ನು ಬರೆದ ವೊನ್ಹ್ಯೊ ಎಂಬ ಭಿಕ್ಷುವಿನ ಕಥೆಯು ಈ ಪ್ರಶ್ನೆಗೆ ನೇರವಾಗಿ ಸಂಬಂಧಿಸಿದುದು.

ವೊನ್ಹ್ಯೊ 617ರಿಂದ 686ರವರೆಗೆ ಬಾಳಿದವನು. ತನ್ನ ಗೆಳೆಯ ಉಯ್ಸಾಂಗನೊಡನೆ ಧರ್ಮವನ್ನು ಕಲಿಯಲೆಂದು ಚೀನಾದೇಶಕ್ಕೆ ಹೊರಟಾಗ ದಾರಿಯಲ್ಲಿ ರಾತ್ರಿಯಾಯಿತು, ಮಳೆ ಹಿಡಿಯಿತು. ಕತ್ತಲೆಯಲ್ಲಿ ಒಂದು ಗವಿಯಂತಹ ಎಡೆಯನ್ನು ಹೊಕ್ಕು ಮಲಗಿದವನು ಬಾಯಾರಿ, ಕೈಗೆ ಸಿಕ್ಕ ಪಾತ್ರೆಯಲ್ಲಿದ್ದ ನೀರನ್ನು ಕುಡಿದು, ಅದರ ತಂಪಿಗೆ ಸುಖಿಸಿ ನಿದ್ರೆಹೋದನಂತೆ. ಬೆಳಗಾಗಿ ನೋಡಿದರೆ ಅದು ಹಳೆಯ ಸಮಾಧಿ. ಪಾತ್ರೆಯೆಂದು ತಿಳಿದುದು ಮನುಷ್ಯನ ತಲೆಬುರುಡೆ. ಹೊಟ್ಟೆ ತೊಳಸಿತು. ನೀರು ಅದೇ, ಕುಡಿದವನೂ ಅವನೇ. ಇರುಳು ಅಮೃತವಾಗಿದ್ದುದು ಹಗಲು ಹೇಸಿಕೆಯಾದುದು ಮನಸ್ಸಿನಿಂದ ಎಂದು ಕಂಡುಕೊಂಡ ಅವನು, ಮನಸ್ಸಿನ ಹೊರಗೆ ಹುಡುಕಬೇಕಾದ ಧರ್ಮವಾವುದೂ ಇಲ್ಲವೆಂದು ನಿಶ್ಚಯಿಸಿ ಅಲ್ಲಿಂದಲೆ ಹಿಂದಿರುಗಿದನು. ಉಯ್ಸಾಂಗನು ಹಿಂದಿರುಗಲಿಲ್ಲ, ಚೀನಾಕ್ಕೆ ಹೋಗಿ, ಗುರುವಿನ ಬಳಿ ವರ್ಷಗಟ್ಟಲೆ ಕಲಿತು, ಮರಳಿ ಬಂದು 676ರಲ್ಲಿ ಬುಸೊಕ್ ವಿಹಾರವನ್ನು ಸ್ಥಾಪಿಸಿದನು. ಕೊರಿಯದ ಜನರು ಇಬ್ಬರನ್ನೂ ಸಮಾನವಾಗಿ ಪೂಜ್ಯರೆಂದು ಎಣಿಸುತ್ತ ಬಂದಿರುವುದು ನನಗೆ ಬಹು ವಿವೇಕದ ಮಾತಾಗಿ ತೋರುತ್ತದೆ.

ಹೋಗಿ ಹಿಂದಿರುಗಿದವನ ಕಥೆಯೊಂದು ನಮ್ಮ ಸೊನ್ನಲಿಗೆಯಲ್ಲಿಯೂ, ಎಂದರೆ ಇಂದಿನ ಸೊಲ್ಲಾಪುರದಲ್ಲಿಯೂ, ಉಂಟು. ರಾಘವಾಂಕನು ವರ್ಣಿಸಿರುವಂತೆ, ಕರುಗಳನ್ನು ಕಾಯುತ್ತಿದ್ದ ಬಾಲಕ ಸಿದ್ಧರಾಮನ ಮುಂದೆ ಮಲ್ಲಯ್ಯನೆಂಬ ಜಂಗಮನು ಬಂದು ನಿಂತು ಉಣ್ಣಲು ಬೇಡಿದನು. ಹುಡುಗನು ಮನೆಗೆ ಓಡಿ ಅನ್ನವನ್ನು ತರುವಷ್ಟರಲ್ಲಿ ಜಂಗಮನು ಮಾಯವಾದನು. ಮಲ್ಲಯ್ಯನನ್ನು ಅರಸಿ ಅಳುತ್ತ ಯಾತ್ರಿಕರ ಹಿಂದೆ ಶ್ರೀಶೈಲಕ್ಕೆ ನಡೆದ ಆ ಮಗುವು, ಅಲ್ಲಿಯೂ ಅವನನ್ನು ಕಾಣದೆ ಕಮರಿಗೆ ಹಾರಲು ಹೊರಟಾಗ, ಮಲ್ಲಿಕಾರ್ಜುನನು ಕೈಹಿಡಿದೆತ್ತಿ ಹೇಳಿದುದು ಇಲ್ಲಿಯೆ ಇರು ಎಂದಲ್ಲ, ಸೊನ್ನಲಿಗೆಗೆ ಹಿಂದಿರುಗು ಎಂದು. ಅದನ್ನೇ ಮತ್ತೊಂದು ಶ್ರೀಶೈಲವನ್ನಾಗಿ ಮಾಡು ಎಂದು. ಅಷ್ಟು ದೂರ ನಡೆಸಿ ಮನೆಗೆ ಕಳುಹುವ ದೈವದ ಈ ರೀತಿಯನ್ನು ನಾನು ಎಷ್ಟೋ ಸಾರಿ ಚಿಂತಿಸಿದ್ದೇನೆ. ಮನೆಯಲ್ಲಿಯೆ ಕುಳಿತಿದ್ದರೆ ಆ ಮಾತು ಅವನಿಗೆ ಕೇಳಿಸುತ್ತಿರಲಿಲ್ಲ. ವೊನ್ಹ್ಯೊನಿಗೂ ತನ್ನ ವಿಹಾರದ ಕೋಣೆಯಲ್ಲಿ ಆ ಬುರುಡೆ ದೊರೆಯುತ್ತಿರಲಿಲ್ಲ. ಹೊರಟವನಿಗೇ ಹಿಂದಿರುಗುವ ಜ್ಞಾನ.

ಹಿಂದಿರುಗಿದ ಸಿದ್ಧರಾಮನು ಕೆರೆಯನ್ನು ತೋಡಿಸಿದನು, ಗುಡಿಯನ್ನು ಕಟ್ಟಿಸಿದನು, ಊರ ಸುತ್ತ ಅರುವತ್ತೆಂಟು ಲಿಂಗಗಳನ್ನು ಸ್ಥಾಪಿಸಿದನು. ಇಂದಿಗೂ ಮಕರಸಂಕ್ರಮಣದ ಜಾತ್ರೆಯಲ್ಲಿ ನಂದಿಧ್ವಜಗಳು ಆ ಲಿಂಗಗಳೆಲ್ಲವನ್ನೂ ಸುತ್ತಿಬರುತ್ತವೆ. ಆ ಕೆಲಸಗಳು ನಡೆದಿದ್ದಾಗಲೆ ಆ ಊರಿಗೆ ಒಬ್ಬ ಪರಸ್ಥಳದ ಗುರುವು ಬಂದನು. ಬಳ್ಳಿಗಾವೆಯ ಅಲ್ಲಮಪ್ರಭುವು ಕೆರೆಯ ಕೆಲಸ ನಡೆದಿದ್ದ ಎಡೆಯಲ್ಲಿ ನಿಂತು, ಸಿದ್ಧರಾಮನನ್ನು ಮಣ್ಣುಹೊರುವ ರಾಮನೆಂದು ಜರೆದನೆಂದೂ, ಕೆಲಸದವರು ಕಲ್ಲೆಸೆದರೆಂದೂ, ಸಿದ್ಧರಾಮನು ಕೋಪದಿಂದ ಹಣೆಗಣ್ಣನ್ನು ತೆರೆದನೆಂದೂ ಶೂನ್ಯಸಂಪಾದನೆಯ ಪರಂಪರೆಯು ಹೇಳುತ್ತದೆ. ಅಲ್ಲಮನು ಹಳಿದುದು ಕೆರೆಯನ್ನಲ್ಲವೆಂದು ನನ್ನ ನಂಬಿಕೆ. ಬರಗಾಲದ ನಾಡಿನಲ್ಲಿ ನೀರನ್ನು ಹಳಿಯುವ ಜ್ಞಾನಿಯಿಲ್ಲ. ಅವನು ಹಳಿದುದು ನನ್ನ ಕೆರೆ, ನನ್ನ ಗುಡಿ ಎಂಬ ಮಮಕಾರವನ್ನು. ಊರಿನವರಾರಿಗೂ ಆ ಮಮಕಾರವು ಕಾಣುವಂತಿರಲಿಲ್ಲ, ಏಕೆಂದರೆ ಅವರೆಲ್ಲರೂ ಅದರಲ್ಲಿ ಪಾಲುಗಾರರಾಗಿದ್ದರು. ಹೊರಗಿನಿಂದ ಬಂದು ನಿಂತವನಿಗೆ, ಅಲ್ಲಿಯ ಒಂದು ಹಿಡಿ ಮಣ್ಣಿನ ಮೇಲೆಯೂ ಹಕ್ಕಿಲ್ಲದವನಿಗೆ, ಅದು ಒಂದೇ ನೋಟಕ್ಕೆ ಕಂಡಿತು. ಸಿದ್ಧರಾಮನು ಅಲ್ಲಮನ ಸಂಗಡ ಕಲ್ಯಾಣಕ್ಕೆ ನಡೆದು ಚೆನ್ನಬಸವಣ್ಣನಿಂದ ದೀಕ್ಷೆಯನ್ನು ಪಡೆದನು. ಆದರೂ ಅವನ ಸಮಾಧಿಯಿರುವುದು ತನ್ನ ಕೆರೆಯ ನಡುವೆಯೆ.

ಇದರಿಂದ ಪರಸ್ಥಳದವನೇ ಮೇಲೆಂದು ತೀರ್ಮಾನಿಸುವುದು ಸುಲಭ. ಆದರೆ ಅದು ಸರಿಯಲ್ಲ. ಮಮಕಾರವಿಲ್ಲದ ನೋಟಕ್ಕೆ ಹೊಣೆಯಿಲ್ಲದ ನೋಟವಾಗುವ ಅಪಾಯವು ಸದಾ ಉಂಟು. ನೋಡಿ, ಮೆಚ್ಚಿ, ಮುಂದಿನ ಬಸ್ಸಿಗೆ ಹೊರಟುಹೋಗುವವನು ಯಾರಿಗೂ ಏನನ್ನೂ ಕೊಡಬೇಕಾದುದಿಲ್ಲ, ಯಾರೂ ಅವನಿಂದ ಏನನ್ನೂ ಕೇಳುವುದಿಲ್ಲ. ಕಲಿಸಲು ಬಂದವನಿಗೆ ಮಾತ್ರ ಈ ಬಿಡುಗಡೆಯಿಲ್ಲ. ಬೇಂದ್ರೆಯವರು ಧಾರವಾಡವನ್ನು ಬಿಟ್ಟು 1944ರಿಂದ 1956ರವರೆಗೆ ಸೊಲ್ಲಾಪುರದ ಡಿ.ಎ.ವಿ. ಕಾಲೇಜಿನಲ್ಲಿ ಕನ್ನಡದ ಪ್ರಾಧ್ಯಾಪಕರಾಗಿದ್ದರು. ಮನೆಮಾತು ಮರಾಠಿಯಾಗಿದ್ದ ಕನ್ನಡದ ಕವಿಯೊಬ್ಬರು ಮರಾಠಿಯೂ ಕನ್ನಡವೂ ತೆಲುಗೂ ಒಂದೇ ಬೀದಿಯಲ್ಲಿ ಕೇಳಿಬರುವ ಊರಿನಲ್ಲಿ ಕನ್ನಡವನ್ನು ಕಲಿಸಿದ ಆ ವರ್ಷಗಳನ್ನು ನೆನೆದಾಗ, ಪರಸ್ಥಳವೆಂಬುದು ಎಲ್ಲಿ ಮೊದಲಾಗುತ್ತದೆಂದು ಹೇಳುವುದು ಕಷ್ಟವಾಗುತ್ತದೆ. ಅದೇ ಸೊಲ್ಲಾಪುರದಲ್ಲಿ 1910ರ ಶರತ್ಕಾಲದಲ್ಲಿ ಹುಟ್ಟಿದ ಡಾಕ್ಟರ್ ದ್ವಾರಕಾನಾಥ ಕೋಟ್ನೀಸರು 1938ರಲ್ಲಿ ಚೀನಾಕ್ಕೆ ಹೋಗಿ, ಯುದ್ಧಭೂಮಿಯಲ್ಲಿ ಗಾಯಾಳುಗಳ ಶುಶ್ರೂಷೆ ಮಾಡಿ, ಆ ಜನರ ಭಾಷೆಯನ್ನು ಕಲಿತು ಅವರ ಮಕ್ಕಳಿಗೆ ವೈದ್ಯವನ್ನು ಬೋಧಿಸಿ, 1942ರ ಡಿಸೆಂಬರಿನಲ್ಲಿ ಅಲ್ಲಿಯೆ ಮಡಿದರು. ಸಂಗಡ ಹೋಗಿದ್ದ ವೈದ್ಯರು ಮರಳಿದರು, ಅವರು ಮರಳಲಿಲ್ಲ. ಅವರು ಚೀನಾವನ್ನು ನೋಡಲು ಹೋದವರಲ್ಲ. ಆದರೆ ಅವರು ಕಂಡಷ್ಟು ಚೀನಾವನ್ನು ನೋಡಲೆಂದೇ ಹೋದವರು ಕಾಣಲಾರರು.

ಚಪಳಗಾಂವದ ಉಪಾಧ್ಯಾಯನ ವಿಷಯಕ್ಕೆ ಬರುತ್ತೇನೆ. ಬಿತ್ತುವ ದಿನಗಳಲ್ಲಿ ಊರ ಹೊರಗಿನ ಹೊಲದ ಬದುವಿನ ಮೇಲೆ ಅವನು ನಡೆದುಹೋಗುವಾಗ, ಎತ್ತುಗಳ ಹಿಂದೆ ಕೂರಿಗೆ ಸಾಗುತ್ತಿರುತ್ತದೆ. ಉಡಿಯಲ್ಲಿ ಕಾಳು ಕಟ್ಟಿಕೊಂಡ ಹೆಂಗಸು ಕೂರಿಗೆಯ ಬಟ್ಟಲಿಗೆ ಮುಷ್ಟಿಯಿಂದ ಜೋಳವನ್ನು ಬಿಡುತ್ತ, ಎಲ್ಲಿಯೂ ಹೆಚ್ಚಾಗದಂತೆ ಎಲ್ಲಿಯೂ ಕಡಿಮೆಯಾಗದಂತೆ ಬೆರಳುಗಳನ್ನು ಸಡಿಲಿಸುತ್ತ ನಡೆಯುತ್ತಾಳೆ. ಆ ಕಪ್ಪು ನೆಲದಲ್ಲಿ ಉಳಿದ ತೇವವೊಂದನ್ನೇ ನೆಚ್ಚಿ ಬೆಳೆಯುವ ಮಾಲದಂಡಿ ಜೋಳದ ರೊಟ್ಟಿಯೆ ಅವನ ಹೊಟ್ಟೆಗೆ ಬರುವುದು. ಬದುವಿನ ಮೇಲೆ ಬುತ್ತಿ ಬಿಚ್ಚಿ ಕುಳಿತ ಮುದುಕಿಯು, “ಯಾವೂರಿನವರ್ರೀ ಮಾಸ್ತರ? ಬರ್ರಿ, ಒಂದು ರೊಟ್ಟಿ ತಿಂದು ಹೋಗ್ರಿ” ಎಂದು ಕರೆದು, ಉತ್ತರಕ್ಕೆ ಕಾಯದೆ ರೊಟ್ಟಿಯ ಮೇಲೆ ಶೇಂಗಾಚಟ್ನಿಯನ್ನು ಇಟ್ಟು ಕೈಗೆ ಕೊಡುತ್ತಾಳೆ. ಯಾವೂರಿನವನಾದರೂ ಅವಳಿಗೆ ಆಗುವುದೇನೂ ಇಲ್ಲ. ಅಕ್ಕಲಕೋಟೆಗೆ ಎಲ್ಲಿಂದಲೊ ಬಂದು, 1878ರಲ್ಲಿ ಸಮಾಧಿಸ್ಥರಾಗುವವರೆಗೂ ಎರಡು ದಶಕಗಳಿಗೆ ಮೇಲ್ಪಟ್ಟು ಅಲ್ಲಿಯೆ ಉಳಿದ ಸಮರ್ಥರಿಗೂ ಇದೇ ನೆಲದ ಜನರು ಹೀಗೆಯೆ ಉಣ್ಣಲಿಕ್ಕಿದರಲ್ಲವೆ? ಆ ರೊಟ್ಟಿಯನ್ನು ಉಂಡವನು ಇನ್ನು ಕೇವಲ ನೋಡುವವನಲ್ಲ. ಅವನು ಋಣಿಯಾದನು, ಈ ಋಣವೇ ನೋಟವನ್ನು ದರ್ಶನವನ್ನಾಗಿ ಮಾಡುತ್ತದೆಂದು ನಾನು ತಿಳಿದಿದ್ದೇನೆ. ಈ ತಾಲೂಕು ಯಾವ ರಾಜ್ಯಕ್ಕೆ ಸೇರಬೇಕೆಂಬುದನ್ನು 1967ರಲ್ಲಿ ಮಹಾಜನ ಆಯೋಗವು ವಿಚಾರಿಸಿತು, ಅನಂತರವೂ ವಾದವು ನಡೆದೇ ಇದೆ. ನೆಲವು ಯಾರದೆಂಬ ಆ ವ್ಯಾಜ್ಯದಲ್ಲಿ ಈ ಋಣದ ಲೆಕ್ಕವು ಎಲ್ಲಿಯೂ ಬರುವುದಿಲ್ಲ.

ಹಾಗೆ ಋಣಿಯಾದವನು ತುಳಜಾಪುರಕ್ಕೆ ಹೋದರೆ ಅವನಿಗೆ ಬೇರೆಯೆ ಕಾಣುತ್ತದೆ. ಅಲ್ಲಿಯ ಭವಾನಿಯದು ಚಲಮೂರ್ತಿ. ವಿಜಯದಶಮಿಯ ತರುವಾಯ ದೇವಿಯನ್ನು ಪೀಠದಿಂದ ಎತ್ತಿ ಪಲ್ಲಂಗದ ಮೇಲೆ ಮಲಗಿಸುತ್ತಾರೆ, ಹುಣ್ಣಿಮೆಯವರೆಗೂ ಆಕೆ ನಿದ್ರಿಸುತ್ತಾಳೆ. ಮಹಿಷನೊಡನೆ ಕಾದಿ ದಣಿದ ತಾಯಿಯು ಮಲಗಿರುವ ಆ ದಿನಗಳಲ್ಲಿಯೆ ಸೊಲ್ಲಾಪುರದಿಂದಲೂ ಕರ್ನಾಟಕದ ಊರುಗಳಿಂದಲೂ ಲಕ್ಷಾಂತರ ಜನರು ಇರುಳೆಲ್ಲ ಕಾಲ್ನಡಿಗೆಯಿಂದ ಹೋಗುತ್ತಾರೆ. ದಾರಿಯುದ್ದಕ್ಕೂ ಪರಿಚಯವಿಲ್ಲದವರು ಚಹ ಕೊಟ್ಟು, ಬಾತ ಕಾಲುಗಳಿಗೆ ಎಣ್ಣೆ ತಿಕ್ಕುತ್ತಾರೆ. ದೇವಿಯೆ ತನ್ನ ಪೀಠವನ್ನು ನನ್ನದೆಂದು ಹಿಡಿದು ಕುಳಿತಿಲ್ಲದ ಕ್ಷೇತ್ರದಲ್ಲಿ ಸ್ಥಳದವನು ಯಾರು, ಪರಸ್ಥಳದವನು ಯಾರು?

ವೊನ್ಹ್ಯೊನ ಕಥೆಯಲ್ಲಿ ಹೇಳದೆ ಉಳಿದ ಒಂದು ಭಾಗವಿದೆ. ಚೀನಾಕ್ಕೆ ಹೋಗಲೊಲ್ಲದೆ ಹಿಂದಿರುಗಿದ ಅವನು ಮನೆಯಲ್ಲಿ ಕೂಡಲಿಲ್ಲ. ಕಾಷಾಯವನ್ನು ಕಳಚಿ, ಕೈಯಲ್ಲಿ ಒಂದು ಸೋರೆಬುರುಡೆಯನ್ನು ಹಿಡಿದು, ಹಾಡುತ್ತ ಕುಣಿಯುತ್ತ ತನ್ನ ನಾಡಿನ ಹಳ್ಳಿಗಳನ್ನೆಲ್ಲ ಸುತ್ತಿ ಅಕ್ಷರವರಿಯದ ಜನರಿಗೆ ಬುದ್ಧನ ಹೆಸರನ್ನು ಕಲಿಸಿದನು. ದೀಪಾವಳಿಯ ಬಿಡುವು ಮುಗಿದು ಶಾಲೆ ತೆರೆದಾಗ ಭೀಮಾಸೀಮೆಯ ಉಪಾಧ್ಯಾಯನಿಗೂ ಇಂತಹ ಸಂಚಾರವೊಂದು ಕಾದಿರುತ್ತದೆ. ಹಾಜರಿ ಪುಸ್ತಕದಲ್ಲಿ ಹೆಸರಿದ್ದು ತರಗತಿಯಲ್ಲಿ ಕಾಣದ ಮಕ್ಕಳು ಕೆಲವರು ತಾಯಿತಂದೆಯರ ಸಂಗಡ ಕಬ್ಬು ಕಡಿಯಲು ಹೋಗಿರುತ್ತಾರೆ. ಅವರನ್ನು ಹುಡುಕಿಕೊಂಡು ಅವನು ಕಾರಖಾನೆಯ ಹತ್ತಿರದ ಗುಡಿಸಲುಗಳಿಗೆ ಹೋಗಿ, ತಪ್ಪಿದ ಪಾಠಗಳನ್ನು ಹೇಗೆ ತುಂಬಿಕೊಡಬಹುದೆಂದು ಹಿರಿಯರೊಡನೆ ಕುಳಿತು ಆಲೋಚಿಸುತ್ತಾನೆ. ಪಂಢರಪುರವನ್ನು ಮುಂದಿನ ಶರತ್ತಿನಲ್ಲಿ ನೋಡಿದರಾಯಿತು.