ತಿದ್ದುವವರು ಯಾರು?

ತಂತ್ರಜ್ಞಾನದ ಕೆಲಸದಲ್ಲಿರುವವರಿಗೆ ಈಗ ಎಲ್ಲರೂ ಕೊಡುವ ಬುದ್ಧಿಮಾತು ಒಂದೇ: ಮತ್ತೆ ಮತ್ತೆ ಹೊಸಬರಾಗಿ. ಕೇಳುವುದಕ್ಕೆ ಚೆನ್ನಾಗಿದೆ. ಆದರೆ ಈ ಮಾತನ್ನು ಯಾರು ಯಾರಿಗೆ ಹೇಳುತ್ತಿದ್ದಾರೆ ಎಂಬುದನ್ನೂ ನೋಡಬೇಕು.

ಯಶವಂತಪುರದಾಚೆ ಜಾಲಹಳ್ಳಿಯಲ್ಲಿ ಎಚ್‌ಎಂಟಿ 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ಕೈಗಡಿಯಾರ ತಯಾರಿಸಲು ಶುರುಮಾಡಿತು. ಕೂದಲೆಳೆಯಂಥ ಸ್ಪ್ರಿಂಗು, ಪುಟ್ಟ ಹಲ್ಲುಚಕ್ರಗಳು. ಕೆಲಸವೆಲ್ಲ ಬೆರಳಿನ ತುದಿಯಲ್ಲಿ. ಆಮೇಲೆ ಕ್ವಾರ್ಟ್ಜ್ ಬಂತು. ಸೆಕೆಂಡಿಗೆ 32,768 ಸಲ ಕಂಪಿಸುವ ಒಂದು ಹರಳು, ಒಂದು ಬ್ಯಾಟರಿ. ವರ್ಷಗಟ್ಟಲೆ ಪಳಗಿದ ಬೆರಳಿಗೆ ಅಲ್ಲಿ ಕೆಲಸ ಕಡಿಮೆ. 2016ರಲ್ಲಿ ಎಚ್‌ಎಂಟಿ ವಾಚಸ್ ಮುಚ್ಚುವುದಕ್ಕೆ ಕೇಂದ್ರ ಸರ್ಕಾರ ಒಪ್ಪಿಗೆ ಕೊಟ್ಟಿತು. ಐವತ್ತು ದಾಟಿದವರಿಗೆ, ಮಗಳ ಕಾಲೇಜು ಫೀಸು ಕಟ್ಟಬೇಕಾದವರಿಗೆ, ಹೊಸಬರಾಗಿ ಎನ್ನುವುದು ಬುದ್ಧಿಮಾತಲ್ಲ, ಕೈತೊಳೆದುಕೊಳ್ಳುವ ಮಾತು. ನನಗೆ ಫೆಲೋಶಿಪ್ ಬರುತ್ತದೆ. ತಡವಾಗಿ ಬರುತ್ತದೆ, ಆದರೂ ಬರುತ್ತದೆ. ಹಾಗಾಗಿ ಮುಂದಿನದನ್ನು ಅದರ ನೆರಳಲ್ಲಿ ಕೂತೇ ಬರೆಯುತ್ತಿದ್ದೇನೆ.

ನಾನು ಓದಿದ್ದು ಎಲೆಕ್ಟ್ರಾನಿಕ್ಸ್. ಹೆಬ್ಬಾಳದ ಹತ್ತಿರ ಒಂದು ಕಂಪನಿಯಲ್ಲಿ ಮೂರು ವರ್ಷ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡಿದೆ. ಈಗ ಪಿಎಚ್‌ಡಿಗಾಗಿ, ಎಲೆಯೊಳಗೆ ಬೆಳಕು ಎಷ್ಟು ಆಳಕ್ಕೆ ಇಳಿಯುತ್ತದೆ ಎಂದು ಅಳೆಯುತ್ತಿದ್ದೇನೆ. ಇದು ಮೂರನೆಯ ಆರಂಭ. ಎಲೆಯನ್ನು ಬ್ಲೇಡಿನಲ್ಲಿ ಅಡ್ಡಲಾಗಿ, ಬೆಳಕು ಹಾಯುವಷ್ಟು ತೆಳ್ಳಗೆ ಕುಯ್ಯುವುದನ್ನು ನನಗೆ ಕಲಿಸಿದವಳು ಆರು ವರ್ಷ ಚಿಕ್ಕವಳಾದ ಎಂಎಸ್ಸಿ ಹುಡುಗಿ. "ದಪ್ಪ ಆಯ್ತು ಅಕ್ಕಾ, ಇನ್ನೊಂದು ತೆಗೀರಿ" ಎನ್ನುತ್ತಿದ್ದಳು. ಅಕ್ಕಾ ಎನ್ನುವುದರಲ್ಲಿ ಮರ್ಯಾದೆ, ಇನ್ನೊಂದು ತೆಗೀರಿ ಎನ್ನುವುದರಲ್ಲಿ ಅಪ್ಪಣೆ. ಎರಡರ ಮಧ್ಯೆ ಒಂದು ಕ್ಷಣ ಮೈ ಬಿಗಿಯಾಗುತ್ತಿತ್ತು. ಗೊತ್ತಿಲ್ಲದ್ದನ್ನು ಓದಿಕೊಳ್ಳುವುದು ಕಷ್ಟವಲ್ಲ, ರಾತ್ರಿ ಒಬ್ಬಳೇ ಕೂತು ಓದಬಹುದು. ಚಿಕ್ಕವರಿಗೆ ನನ್ನನ್ನು ತಿದ್ದುವ ಹಕ್ಕು ಕೊಡುವುದೇ ಕಷ್ಟ.

ಆರ್.ಟಿ. ನಗರದಿಂದ ಬಸ್ಸಿನಲ್ಲಿ ಬರುವಾಗ ಮೇಖ್ರಿ ಸರ್ಕಲ್ ಹತ್ತಿರ ಸಿಗುವ ರಾಮನ್ ಸಂಶೋಧನಾ ಸಂಸ್ಥೆ ಈ ಪ್ರಶ್ನೆಯನ್ನು ನನಗೆ ಇನ್ನಷ್ಟು ತೊಡಕಾಗಿಸಿದೆ. ಸಿ.ವಿ. ರಾಮನ್ ಹೊಸಬರಾಗಲು ಹೆದರಿದವರಲ್ಲ. 1917ರಲ್ಲಿ ಹಣಕಾಸು ಇಲಾಖೆಯ ದೊಡ್ಡ ಸಂಬಳದ ಹುದ್ದೆ ಬಿಟ್ಟು ಕಲ್ಕತ್ತ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾದರು. ನೊಬೆಲ್ ಬಂದು ಮೂರು ದಶಕ ಕಳೆದ ಮೇಲೆ, ಎಪ್ಪತ್ತು ದಾಟಿದ ವಯಸ್ಸಿನಲ್ಲಿ, ಹೂಗಳ ಬಣ್ಣಕ್ಕೆ, ಕಣ್ಣು ಬಣ್ಣವನ್ನು ಕಾಣುವ ಬಗೆಗೆ ಮನಸ್ಸು ಕೊಟ್ಟರು. ಅಷ್ಟು ವಯಸ್ಸಾದವರು ಗುಲಾಬಿಯ ಎಸಳಿನ ಬಣ್ಣ ಬಿಡಿಸುತ್ತ ಕೂತದ್ದನ್ನು ನೆನೆದರೆ ನನಗೆ ಈಗಲೂ ಹೊಟ್ಟೆಕಿಚ್ಚಾಗುತ್ತದೆ.

ಆದರೆ 1968ರಲ್ಲಿ ಬಂದ ಅವರ 'ದಿ ಫಿಸಿಯಾಲಜಿ ಆಫ್ ವಿಷನ್' ಪುಸ್ತಕದಲ್ಲಿ, ಮೂರು ಬಗೆಯ ಗ್ರಾಹಕಗಳಿಂದ ನಮಗೆ ಬಣ್ಣ ಕಾಣುತ್ತದೆ ಎಂಬ ಹಳೆಯ ಸಿದ್ಧಾಂತವನ್ನು ಅವರು ತಳ್ಳಿಹಾಕಿದರು. ನಾಲ್ಕು ವರ್ಷ ಮೊದಲೇ ಅಮೆರಿಕದ ಎರಡು ತಂಡಗಳು ಕಣ್ಣಿನ ಒಂದೊಂದೇ ಶಂಕುಕೋಶವನ್ನು ಬೆಳಕಿನಲ್ಲಿ ಪರೀಕ್ಷಿಸಿ, ಮೂರು ಬಗೆ ಇವೆ ಎಂದು ತೋರಿಸಿದ್ದವು. ಪುಸ್ತಕವನ್ನು ಪ್ರಕಟಿಸಿದ್ದು ಭಾರತೀಯ ವಿಜ್ಞಾನ ಅಕಾಡೆಮಿ. 1934ರಲ್ಲಿ ಅದನ್ನು ಕಟ್ಟಿದವರೂ ರಾಮನ್ನರೇ, ಅಧ್ಯಕ್ಷರೂ ಅವರೇ. ಹೊಸ ವಿಷಯಕ್ಕೆ ಅವರು ಹೊಸಬರಾಗಿ ಹೋದರೋ, ಹಳೆಯ ಯಜಮಾನರಾಗಿಯೇ ಹೋದರೋ? ಕುತೂಹಲ ಹೊಸಬರದೇ ಇತ್ತು, ಅನುಮಾನವಿಲ್ಲ. ಸಂಸ್ಥೆ ಅವರದು, ಅಕಾಡೆಮಿ ಅವರದು ಎಂದಾಗ "ಸರ್, ಇನ್ನೊಂದು ಸಲ ನೋಡಿ" ಎನ್ನುವ ಇಪ್ಪತ್ತೆರಡರ ಹುಡುಗ ಅಲ್ಲಿ ಎಲ್ಲಿ ನಿಲ್ಲಬೇಕಿತ್ತು ಎಂದು ನನಗೆ ಹೊಳೆಯುವುದಿಲ್ಲ.

ನೊಬೆಲ್ ಇಲ್ಲದಿದ್ದರೂ ಅದೇ ಗೋಡೆ ಏಳಬಲ್ಲದು. ಈ ವರ್ಷ ಲ್ಯಾಬಿಗೆ ಸೇರಿದ ಇಬ್ಬರು ನನ್ನನ್ನು ಮೇಡಂ ಎನ್ನುತ್ತಾರೆ. ನನ್ನ ಗ್ರಾಫಿನಲ್ಲಿ ಏನಾದರೂ ಸರಿಯಿಲ್ಲ ಅನ್ನಿಸಿದರೆ ಬಾಯಿಬಿಟ್ಟು ಹೇಳುವುದಿಲ್ಲ, ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ. ಅಕ್ಕ ಅನ್ನಿ ಎಂದು ಎರಡು ಸಲ ಹೇಳಿದ್ದೇನೆ. "ಸರಿ ಮೇಡಂ" ಎಂದಿದ್ದಾರೆ.