ಗೊತ್ತಿಲ್ಲದ ದಿನಾಂಕ

ಮೈಎಸ್‌ಕ್ಯೂಎಲ್ ಡೇಟಾಬೇಸ್ ನೋಡಿಕೊಳ್ಳುವವರಿಗೆಲ್ಲ ಪರಿಚಯವಿರುವ ದಿನಾಂಕ ಒಂದಿದೆ: 0000-00-00. ಯಾವ ಪಂಚಾಂಗದಲ್ಲೂ ಇಲ್ಲದ ಈ ದಿನವನ್ನು ಹಳೆಯ ಆವೃತ್ತಿಗಳು ತಕರಾರಿಲ್ಲದೆ ಬರೆದುಕೊಳ್ಳುತ್ತಿದ್ದವು. ಯಾರೋ ಫೆಬ್ರುವರಿ 31 ಎಂದು ತುಂಬಿದರೂ ಒಳಗೆ ಹೋಗಿ ಕೂರುತ್ತಿದ್ದುದು ಇದೇ ಸೊನ್ನೆ.

2015ರಲ್ಲಿ ಬಂದ 5.7ನೇ ಆವೃತ್ತಿ ಈ ಸಡಿಲಿಕೆಗೆ ತಡೆ ಹಾಕಿತು. ಸೊನ್ನೆ ದಿನಾಂಕ ಬೇಡ ಎನ್ನುವ ನಿಯಮ ಮೊದಲಿನಿಂದಲೇ ಚಾಲೂ ಇರುವಂತೆ ಮಾಡಿತು. ಅಪ್‌ಗ್ರೇಡ್ ಮುಗಿದ ಮರುದಿನವೇ ಕಚೇರಿಗಳಲ್ಲಿ ಗೋಳು ಶುರು. ನಿನ್ನೆ ದಾಖಲಾಗುತ್ತಿದ್ದ ಅರ್ಜಿ ಇಂದು ಆಗುವುದಿಲ್ಲ. ಹಳೆಯ ಟೇಬಲ್ ಬದಲಿಸಲು ಹೋದರೆ ಎರರ್.

ಆಗ ಎರಡು ಅಡ್ಡದಾರಿಗಳು ಕಣ್ಣಿಗೆ ಬೀಳುತ್ತವೆ. ನಿಯಮವನ್ನೇ ಸೆಟ್ಟಿಂಗ್‌ನಿಂದ ಕಿತ್ತುಹಾಕುವುದು ಒಂದು. ಸೊನ್ನೆಗಳಿದ್ದಲ್ಲೆಲ್ಲ 1900-01-01 ಎಂದು ತುಂಬುವುದು ಇನ್ನೊಂದು. ಎರಡನೆಯದು ಹೆಚ್ಚು ಅಪಾಯಕಾರಿ. ಸೊನ್ನೆ ಕಂಡರೆ ಯಾರಿಗಾದರೂ ಅನುಮಾನ ಬರುತ್ತದೆ. 1900ರ ಜನವರಿ 1 ಮಾತ್ರ ನಿಜವಾದ ದಿನಾಂಕದಂತೆಯೇ ಕಾಣುತ್ತದೆ, ವಯಸ್ಸು ಲೆಕ್ಕಹಾಕುವ ಪ್ರೋಗ್ರಾಂ ಅದನ್ನು ನಂಬಿಬಿಡುತ್ತದೆ.

ನಮ್ಮ ಕಡೆಯ ಹಿರಿಯರಿಗೆ ಇದು ಅರ್ಥವಾಗುತ್ತದೆ. ಶಾಲೆಗೆ ಸೇರಿಸುವಾಗ ಮಗು ಹುಟ್ಟಿದ ದಿನ ಮನೆಯವರಿಗೆ ಗೊತ್ತಿಲ್ಲದಿದ್ದರೆ ಮೇಷ್ಟ್ರು ಜೂನ್ 1 ಎಂದು ಬರೆದುಕೊಳ್ಳುತ್ತಿದ್ದುದುಂಟು. ಮಗುವಿನ ಓದು ನಿಲ್ಲಬಾರದೆಂಬ ಒಳ್ಳೆಯ ಮನಸ್ಸೇ ಅದರ ಹಿಂದೆ ಇತ್ತು. ಆದರೂ ಆ ಮಗು ಬೆಳೆದು ನೌಕರಿಗೆ ಸೇರಿ ಯಾವಾಗ ನಿವೃತ್ತಿಯಾಗಬೇಕು ಎಂಬುದನ್ನು ತೀರ್ಮಾನಿಸಿದ್ದು ಆ ಊಹೆಯೇ.

ಸರಿಯಾದ ದಾರಿ ಸ್ವಲ್ಪ ಉದ್ದ. ಮೊದಲು ಬ್ಯಾಕಪ್ ತೆಗೆದುಕೊಳ್ಳಬೇಕು, ಇನ್ನೊಂದು ಪ್ರತಿಯಲ್ಲಿ ಎಲ್ಲವನ್ನೂ ಮಾಡಿ ನೋಡಬೇಕು. ಕಾಲಂನಲ್ಲಿ ಬೆಲೆ ಇಲ್ಲದಿರಲು, ಅಂದರೆ ನಲ್ ಇರಲು, ಅವಕಾಶ ಕೊಟ್ಟು ಸೊನ್ನೆಗಳನ್ನೆಲ್ಲ ನಲ್ ಮಾಡಬೇಕು. ಆ ಕೆಲಸಕ್ಕಷ್ಟೇ ನಿಯಮ ಸಡಿಲಿಸಿ, ಮುಗಿದೊಡನೆ ಮತ್ತೆ ಬಿಗಿ ಮಾಡಬೇಕು. ಸೊನ್ನೆಯನ್ನು ಹುಡುಕುವ ಹಳೆಯ ಕೋಡ್ ಎಲ್ಲೆಲ್ಲಿದೆಯೋ ಅಲ್ಲೆಲ್ಲ ತಿದ್ದಬೇಕು. ಇದಕ್ಕೆ ಸಮಯ ಹಿಡಿಯುತ್ತದೆ. ಕೇಳಿ ಪಡೆಯಬೇಕಾದ ಸಮಯ ಅದು. ಮೇಲಧಿಕಾರಿಗಳು ಗೊಣಗದೆ ಕೊಡಬೇಕಾದ ಸಮಯವೂ ಹೌದು.

ಪ್ರತಿ ದಾಖಲೆಯ ಹಿಂದೆ ಒಬ್ಬ ಮನುಷ್ಯನ ಪಿಂಚಣಿ, ವಿಮೆ, ಚಿಕಿತ್ಸೆಯ ಸರದಿ ಇರುತ್ತದೆ. ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆಂದೇ ಬರೆದಿಡಿ. ಖಾಲಿ ಜಾಗ ಕಂಡವರು ನಾಳೆ ಆ ವ್ಯಕ್ತಿಯನ್ನೇ ಕೇಳಿ ಸರಿಯಾದ ದಿನಾಂಕ ತುಂಬಬಹುದು. ಸುಳ್ಳು ತುಂಬಿದ ಜಾಗದ ಬಗ್ಗೆ ಮತ್ತೆ ಯಾರೂ ಕೇಳುವುದಿಲ್ಲ.